ಬೀಗ ನೋಡಿ ವಾಪಸ್ ಬಂದವರಿಗೆ

ಓದುಗರ ಸಮಸ್ಯೆ: ನನಗೆ 41 ವರ್ಷ. 15 ವರ್ಷದ ಕುಡಿತ, ಈಗ ಬೆಳಿಗ್ಗೆ ಎದ್ದ ಕೂಡಲೇ ಬೇಕು. ಬರುವ ಸೋಮವಾರದಿಂದ ಒಂದು ಹನಿಯೂ ಮುಟ್ಟಬಾರದು ಅಂದುಕೊಂಡಿದ್ದೇನೆ. ಕುಡಿತ ಬಿಟ್ಟವರ ಮೀಟಿಂಗ್‌ಗೆ ಹೋಗು ಎಂದರು. ಎಲ್ಲೋ ಸಿಕ್ಕ ವಿಳಾಸ ಹಿಡಿದು ಹೋದರೆ ಬಾಗಿಲಿಗೆ ಬೀಗ. ಇಂಥ ಗುಂಪುಗಳು ನಿಜಕ್ಕೂ ಇವೆಯಾ? ಗುರುತಿನವರು ಯಾರಾದರೂ ನೋಡಿದರೆ?

ಮೊದಲು ಸೋಮವಾರದ ವಿಷಯ. ಬೆಳಿಗ್ಗೆಯೇ ಕುಡಿಯುವವರು ಮನೆಯಲ್ಲಿ ಒಬ್ಬರೇ ಕೂತು ದಿಢೀರ್ ಅಂತ ನಿಲ್ಲಿಸಬಾರದು. ಮೊದಲು ಕೈ ನಡುಗುತ್ತದೆ, ಬೆವರುತ್ತದೆ, ನಿದ್ದೆ ಬರುವುದಿಲ್ಲ. ಕೆಲವರಿಗೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರುತ್ತದೆ. ಆಮೇಲೆ ಇಲ್ಲದ್ದು ಕಾಣುವುದು, ಯಾರೋ ಕರೆದಂತೆ ಕೇಳುವುದು, ದಿಕ್ಕು ತಪ್ಪಿದಂತಾಗುವುದೂ ಉಂಟು. ಜೀವಕ್ಕೇ ಅಪಾಯ. ಡಾಕ್ಟರ ಹತ್ತಿರ ಹೋಗಿ ದಿನಕ್ಕೆ ಎಷ್ಟು ಕುಡಿಯುತ್ತೀರಿ ಅಂತ ಸರಿಯಾಗಿ ಹೇಳಿ, ಅರ್ಧಕ್ಕೆ ಇಳಿಸಿ ಹೇಳಬೇಡಿ. ಕೆಲವು ದಿನ ಮಾತ್ರೆ, ವಿಟಮಿನ್ ಬಿ1 ಕೊಟ್ಟು ದಾಟಿಸುತ್ತಾರೆ. ಮೀಟಿಂಗ್ ಬೇಕು, ಆದರೆ ಅದು ಈ ಕೆಲಸ ಮಾಡುವುದಿಲ್ಲ.
– ವಾರ್ಡಿನ ನರ್ಸ್

ಬೀಗದ ಮಾತು ಓದಿ ನಗು ಬಂತು, ತಪ್ಪು ತಿಳಿಯಬೇಡಿ. ನನಗೂ ಹಾಗೇ ಆಗಿತ್ತು. ‘ಹೋಗಿದ್ದೆ, ಅಲ್ಲಿ ಯಾರೂ ಇಲ್ಲ’ ಅಂತ ಹೆಂಡತಿಗೆ ಹೇಳಿ, ಅದೇ ನೆಪದಲ್ಲಿ ಇನ್ನೂ ಏಳು ತಿಂಗಳು ಕುಡಿದೆ.

ಈ ಗುಂಪುಗಳಿಗೆ ಸ್ವಂತ ಕಟ್ಟಡ ಇರುವುದು ಅಪರೂಪ. ಶಾಲೆಯ ಕೋಣೆಯೋ, ಚರ್ಚಿನ ಹಾಲೋ, ಆಸ್ಪತ್ರೆಯ ಹಿಂದಿನ ರೂಮೋ, ಒಂದೂವರೆ ಗಂಟೆ ಜಾಗ ಕೊಟ್ಟ ಕಡೆ ಸೇರುತ್ತಾರೆ. ಕೆಲವು ಗುಂಪು ವಾರಕ್ಕೆ ಒಂದೇ ಸಲ. ಜಾಗ ಬದಲಾದರೂ ಹಳೇ ವಿಳಾಸ ಎಲ್ಲೆಲ್ಲೋ ಉಳಿದಿರುತ್ತದೆ. ಹಾಗಾಗಿ ವಿಳಾಸ ನಂಬಬೇಡಿ, ಫೋನ್ ಮಾಡಿ. ಆಲ್ಕೊಹಾಲಿಕ್ಸ್ ಅನಾನಿಮಸ್, ನಾವು ಎ.ಎ. ಅನ್ನುವುದು, ಅದರ ವೆಬ್‌ಸೈಟಿನಲ್ಲಿ ಬೇರೆ ಬೇರೆ ದೇಶಗಳ ಕಚೇರಿಯ ನಂಬರ್ ಸಿಗುತ್ತದೆ. ಇಲ್ಲವಾದರೆ ವ್ಯಸನಮುಕ್ತಿ ವಾರ್ಡಿನ ಕೌನ್ಸೆಲರ್‌ರನ್ನು ಕೇಳಿ. ಈ ವಾರ ನಡೆಯುತ್ತಾ, ಯಾವ ಭಾಷೆಯಲ್ಲಿ, ಓಪನ್ ಮೀಟಿಂಗಾ ಕ್ಲೋಸ್ಡ್ ಮೀಟಿಂಗಾ ಅಂತ ವಿಚಾರಿಸಿ. ಓಪನ್‌ಗೆ ಮನೆಯವರೂ ಬರಬಹುದು. ಕ್ಲೋಸ್ಡ್ ಕುಡಿತ ಬಿಡಬೇಕು ಅನ್ನುವವರಿಗೆ ಮಾತ್ರ. ‘ಗೇಟಿನ ಹತ್ತಿರ ಯಾರಾದರೂ ನಿಂತಿರ್ತೀರಾ?’ ಅಂತಲೂ ಕೇಳಿ. ನಾಚಿಕೆ ಬೇಡ. ನಾನೇ ಎಷ್ಟೋ ಜನರಿಗಾಗಿ ನಿಂತಿದ್ದೇನೆ.

ಫೋನ್ ಮಾಡಲು ಸಂಕೋಚವಾದರೆ ಒಂದು ವಿಷಯ ಹೇಳುತ್ತೇನೆ. ಎ.ಎ. ಶುರುವಾದದ್ದೇ ಫೋನಿನಿಂದ. 1935ರಲ್ಲಿ ಅಮೆರಿಕದ ಆಕ್ರನ್ ಊರಿಗೆ ವ್ಯವಹಾರಕ್ಕೆ ಹೋದ ಬಿಲ್ ವಿಲ್ಸನ್‌ಗೆ ಆ ಕೆಲಸ ಕೆಟ್ಟಿತು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು, ಹೋಟೆಲಿನ ಬಾರ್ ಕರೆಯುತ್ತಿತ್ತು. ಆತ ಲಾಬಿಯಲ್ಲಿ ನಿಂತು ಚರ್ಚುಗಳಿಗೆ ಫೋನ್ ತಿರುಗಿಸಿದ. ಕೇಳಿದ್ದು ಇಷ್ಟೇ: ನನ್ನಂಥ ಇನ್ನೊಬ್ಬ ಕುಡುಕನ ಜೊತೆ ಮಾತಾಡಬೇಕು. ಹಾಗೆ ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್ ಎಂಬ ಸರ್ಜನ್.

ಗುರುತಿನವರ ಭಯ ನನಗೂ ಇತ್ತು. ಹೆಲ್ಮೆಟ್ ತೆಗೆಯದೇ ಆ ಬೀದಿಯಲ್ಲಿ ಮೂರು ಸುತ್ತು ಹಾಕಿದೆ. ಒಳಗೆ ಹೋಗಿ ಬಾಗಿಲ ಪಕ್ಕದ ಕುರ್ಚಿಯಲ್ಲಿ ಹೆಲ್ಮೆಟ್ ತೊಡೆ ಮೇಲಿಟ್ಟುಕೊಂಡು ಕೂತೆ, ಬೇಕೆಂದಾಗ ಎದ್ದು ಓಡಬಹುದು ಅಂತ. ಅರ್ಧ ಗಂಟೆಯಾದ ಮೇಲೆ ಪಕ್ಕದ ಹಿರಿಯರು ಏನೂ ಹೇಳದೆ ಅದನ್ನು ತೆಗೆದು ಕುರ್ಚಿ ಕೆಳಗಿಟ್ಟರು. ಯಾರೂ ಪೂರ್ತಿ ಹೆಸರು ಕೇಳಲಿಲ್ಲ, ಫಾರಂ ಇಲ್ಲ, ಫೀಸ್ ಇಲ್ಲ. ಕೊನೆಯಲ್ಲಿ ಒಂದು ಚೀಲ ಸುತ್ತು ಬರುತ್ತದೆ, ಹೊಸಬರು ಹಾಕಲೇಬೇಕಂತಿಲ್ಲ. ಮಾತಾಡಲು ಆಗದಿದ್ದರೆ ಸುಮ್ನೆ ಕೇಳಿಸಿಕೊಂಡು ಬರಬಹುದು. ಇನ್ನು ಗುರುತಿನವರು ಸಿಕ್ಕರು ಅಂದುಕೊಳ್ಳಿ. ಅವರೂ ಅಲ್ಲಿಗೇ ಬಂದಿರುತ್ತಾರೆ, ಅಲ್ವಾ?

ಒಂದು ಗುಂಪು ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಿ. ನನ್ನ ಮೊದಲ ಗುಂಪಿನಲ್ಲಿ ಒಬ್ಬರೇ ಜಾಸ್ತಿ ಮಾತಾಡುತ್ತಿದ್ದರು, ತಲೆನೋವು! ಮೂರನೆಯದು ಹೊಂದಿಕೊಂಡಿತು. ಈಗ ಒಂಬತ್ತು ವರ್ಷ. ನಡುವೆ ಒಮ್ಮೆ ಜಾರಿಬಿದ್ದು ಮತ್ತೆ ಒಂದನೇ ದಿನದಿಂದ ಎಣಿಸಿದ್ದೂ ಇದೆ.
– ಹೆಸರು ಬೇಡ

ಮೇಲಿನವರಿಗೆ ಎ.ಎ. ಒಗ್ಗಿದೆ, ಸಂತೋಷ. ನನಗೆ ಅಲ್ಲಿ ಬರುವ ದೇವರ ಮಾತು ಒಗ್ಗಲಿಲ್ಲ. ಸ್ಮಾರ್ಟ್ ರಿಕವರಿ ಅಂತ ಇನ್ನೊಂದಿದೆ, 1994ರಿಂದ ನಡೆಯುತ್ತಿದೆ. ಆಸೆ ಬಂದಾಗ ಏನು ಮಾಡಬೇಕು ಅನ್ನುವುದನ್ನು ಅಭ್ಯಾಸ ಮಾಡಿಸುತ್ತಾರೆ. ಹತ್ತಿರದಲ್ಲಿ ಇರಲಿಲ್ಲ, ನಾನು ಆನ್‌ಲೈನಿನಲ್ಲೇ ಸೇರಿದೆ. ಎರಡನ್ನೂ ನೋಡಿ.
– ದೇವರ ತಂಟೆಗೆ ಹೋಗದವನು

ನಿಮ್ಮ ಮನೆಯವರ ಬಗ್ಗೆ ನೀವು ಏನೂ ಬರೆದಿಲ್ಲ. ಇದ್ದರೆ ಈ ಪುಟ ಅವರಿಗೂ ತೋರಿಸಿ. ಕುಡಿಯುವವರ ಮನೆಯವರಿಗೇ ಅಲ್-ಅನಾನ್ ಅಂತ ಬೇರೆ ಗುಂಪಿದೆ. 1951ರಲ್ಲಿ ಇದನ್ನು ಶುರು ಮಾಡಿದವರಲ್ಲಿ ಆ ಬಿಲ್ ವಿಲ್ಸನ್ ಅವರ ಹೆಂಡತಿ ಲೋಯಿಸ್ ಒಬ್ಬರು. ನಾನು ಬಾಟಲಿ ಎಣಿಸಿ, ಜೇಬು ತಡಕಿ, ಸಿಂಕಿಗೆ ಸುರಿದು ಸುಸ್ತಾಗಿದ್ದೆ. ಅಲ್ಲಿ ಹೋದ ಮೇಲೆ ಎಣಿಸುವುದು ಬಿಟ್ಟೆ. ನಮ್ಮವರಿಗೆ ‘ನೀವೂ ಬನ್ನಿ’ ಅಂತ ಒಮ್ಮೆಯೂ ಹೇಳಲಿಲ್ಲ. ನಾಲ್ಕು ತಿಂಗಳಾದ ಮೇಲೆ ಒಂದು ಸಂಜೆ ನಾನು ಚಪ್ಪಲಿ ಹಾಕಿಕೊಳ್ಳುವಾಗ ಅವರೇ ಕೇಳಿದರು: ‘ಅಲ್ಲೇ ಪಕ್ಕದ ರೂಮಿನಲ್ಲಿ ನಮ್ಮಂಥವರದ್ದೂ ನಡೆಯುತ್ತಂತಲ್ಲ, ಅದು ಎಷ್ಟು ಗಂಟೆಗೆ?’
– ಒಬ್ಬ ಹೆಂಡತಿ