ತಾರಸಿ ಕೆಳಗಿನ ಕೋಣೆ ರಾತ್ರಿಯೇ ಹೆಚ್ಚು ಕಾಯುವುದೇಕೆ?

ಮೇಲ್ಮಹಡಿ:
5 ಇಂಚಿನ ಆರ್‌ಸಿಸಿ ತಾರಸಿ, ಪಶ್ಚಿಮಕ್ಕೆ ದೊಡ್ಡ ಕಿಟಕಿ. ಹಗಲು ಹೇಗೋ ತಡೆಯಬಹುದು, ರಾತ್ರಿ ಫ್ಯಾನ್ ಹಾಕಿದರೂ ಬಿಸಿಗಾಳಿಯೇ. ಎಸಿ ಬೇಡ. ಫಾಲ್ಸ್ ಸೀಲಿಂಗ್ ಮಾಡಿಸಲೋ, ತಾರಸಿ ಮೇಲೆ ಮಣ್ಣು ತುಂಬಿ ಗಿಡ ಬೆಳೆಸಲೋ?

ಗಾರೆಕರಣೆ:
ಸದ್ಯಕ್ಕೆ ಎರಡೂ ಬೇಡ. ಕಾಂಕ್ರೀಟು ಹಗಲೆಲ್ಲ ಬಿಸಿಲು ಕುಡಿದು, ಕೆಲವು ಗಂಟೆ ತಡವಾಗಿ ಕೆಳಕ್ಕೆ ಬಿಡುತ್ತದೆ. ಹಾಗಾಗಿ ತಡೆಯಬೇಕಾದ್ದು ಮೇಲ್ಗಡೆಯೇ. ಅಗ್ಗದ ದಾರಿ ಸುಣ್ಣ. ಮೊದಲು ಬಿರುಕು ಮುಚ್ಚಿ, ನೀರು ನಿಲ್ಲುವ ಕಡೆ ಇಳಿಜಾರು ಸರಿಮಾಡಿ. ನಿಂತ ನೀರಿಗೆ ಪಾಚಿ ಕಟ್ಟಿದರೆ ಬಿಳುಪು ಹೋದ ಹಾಗೆಯೇ. ಅರಳಿಸಿದ ಸುಣ್ಣವನ್ನು ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಅಂಟು ಬೆರೆಸಿ. ತಾರಸಿಯನ್ನು ಒದ್ದೆ ಮಾಡಿಕೊಂಡು, ಬಿಸಿಲು ಇಳಿದ ಮೇಲೆ ಹಾಲಿನಷ್ಟು ತೆಳ್ಳಗೆ 2-3 ಕೋಟು ಬಳಿಯಿರಿ. ದಪ್ಪಗೆ ಬಳಿದರೆ, ಇಲ್ಲವೇ ಸುಡುಬಿಸಿಲಲ್ಲಿ ಬಳಿದರೆ ಪುಡಿಪುಡಿಯಾಗಿ ಉದುರುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಗವಸು ಮರೆಯಬೇಡಿ.

ತೊಲೆಕಂಬ:
ಮಣ್ಣಿನ ವಿಷಯ: 10 ಸೆಂ.ಮೀ. ಒದ್ದೆ ಮಣ್ಣು ಚದರ ಮೀಟರಿಗೆ ಸುಮಾರು 180 ಕೆ.ಜಿ. ತೂಗುತ್ತದೆ. ಜನ ಓಡಾಡುವ ತಾರಸಿಗೆ ಸಾಮಾನ್ಯವಾಗಿ ಲೆಕ್ಕ ಹಿಡಿಯುವುದು 150 ಕೆ.ಜಿ. ಆಸುಪಾಸು. ಎಂಜಿನಿಯರ್ ನೋಡದೆ ಒಂದು ಬುಟ್ಟಿಯನ್ನೂ ಸುರಿಯಬೇಡಿ. ನೆರಳೇ ಬೇಕಿದ್ದರೆ ತಾರಸಿಯಿಂದ ಆಳೆತ್ತರಕ್ಕೆ ಶೇಡ್ ನೆಟ್ ಕಟ್ಟಿ, ಅಡಿಯಲ್ಲಿ ಗಾಳಿ ಆಡಲಿ. ಗಾಳಿಯಲ್ಲಿ ಹಾರಿಹೋಗದಂತೆ ಕಂಬಗಳನ್ನು ಭದ್ರ ಮಾಡಬೇಕು, ಆದರೆ ತಾರಸಿಗೆ ತೂತು ಕೊರೆಯಬೇಡಿ. ಸೋರಿಕೆ ಶುರುವಾಗುವುದೇ ಅಲ್ಲಿ.

ಗವಾಕ್ಷಿ:
ಕಿಟಕಿಯನ್ನು ಯಾರೂ ಮುಟ್ಟಲೇ ಇಲ್ಲ! ಸಂಜೆಯ ಸೂರ್ಯ ತೀರಾ ಕೆಳಗಿರುವುದರಿಂದ ಪಶ್ಚಿಮದ ಕಿಟಕಿಗೆ ಸಜ್ಜಾ ಅಷ್ಟಾಗಿ ಉಪಯೋಗವಿಲ್ಲ. ಒಳಗಿನ ಪರದೆಯೂ ಅರೆಬರೆ: ಗಾಜು ದಾಟಿದ ಬಿಸಿಲು ಆಗಲೇ ಒಳಬಂದಾಯಿತು. ಹೊರಗಡೆ ಬಿದಿರಿನ ತಟ್ಟಿ ಇಳಿಬಿಡಿ, ಇಲ್ಲವೇ ಬಳ್ಳಿ ಹಬ್ಬಿಸಿ.

ಇನ್ನು ನಮ್ಮ ಅಭ್ಯಾಸ. ಒಣ ಸೆಕೆಯ ಊರಾದರೆ ಹಗಲು ಕಿಟಕಿ ಮುಚ್ಚಿ, ಹೊರಗಿನ ಗಾಳಿ ಒಳಗಿಗಿಂತ ತಣ್ಣಗಾದ ಮೇಲೆಯೇ ತೆರೆಯಿರಿ. ಒಳಗೊಂದು ಹೊರಗೊಂದು ಥರ್ಮಾಮೀಟರ್ ಇಟ್ಟರೆ ಆ ಹೊತ್ತು ಯಾವುದೆಂದು ಊಹಿಸಬೇಕಾಗಿಲ್ಲ. ಬೆವರು ಆರದ ಕರಾವಳಿಯಂಥ ಹವೆಯಲ್ಲಿ ಈ ಉಪಾಯ ನಡೆಯದು; ಅಲ್ಲಿ ಮೈಗೆ ಗಾಳಿ ತಾಗುವುದೇ ಮುಖ್ಯ.

ಮೇಲ್ಮಹಡಿ:
ಧನ್ಯವಾದ. ತಾರಸಿಗೆ ಹಳೆಯ ವಾಟರ್‌ಪ್ರೂಫ್ ಕೋಟಿಂಗ್ ಇದೆ. ಅದರ ಮೇಲೆ ಸುಣ್ಣ ನಿಲ್ಲುತ್ತದೆಯೇ?

ಗಾರೆಕರಣೆ:
ಒಂದು ಚೊಂಬು ನೀರು ಚೆಲ್ಲಿ ನೋಡಿ. ಹೀರಿಕೊಂಡರೆ ಸುಣ್ಣ ಹಿಡಿಯುತ್ತದೆ, ಹನಿಹನಿಯಾಗಿ ಜಾರಿದರೆ ಇಲ್ಲ. ಹಾಗಾದರೆ ತಾರಸಿಗೆಂದೇ ಬರುವ ಬಿಳಿ ಅಕ್ರಿಲಿಕ್ ಬಣ್ಣ ತನ್ನಿ. ಹಳೆಯದು ಡಾಂಬರಿನ ಕೋಟಿಂಗ್ ಆಗಿದ್ದರೆ ಅದಕ್ಕೆ ಹೊಂದುವ ಪ್ರೈಮರ್ ಮೊದಲು ಹೊಡೆಯಿರಿ, ಇಲ್ಲದಿದ್ದರೆ ಬಿಳಿಯ ಮೇಲೆ ಕಂದು ಕಲೆ ಏಳುತ್ತದೆ.