1080ಪಿ ಮಾನಿಟರ್‌ಗೆ 16 ಜಿಬಿ ಗ್ರಾಫಿಕ್ಸ್ ಕಾರ್ಡ್ ಬೇಕಾ? (ಹಳೇ ಬಿ450 ಬೋರ್ಡ್)

ತೀರ್ಥಹಳ್ಳಿ_ಎಡಿಟರ್:
ನಮಸ್ಕಾರ. ಮದುವೆ, ಗೃಹಪ್ರವೇಶದ ವಿಡಿಯೋ ಎಡಿಟ್ ಮಾಡುತ್ತೇನೆ, ರಾತ್ರಿ ಸ್ವಲ್ಪ ಗೇಮ್. ರೈಜನ್ 5 3600, ಬಿ450 ಮದರ್‌ಬೋರ್ಡ್, 16 ಜಿಬಿ ರ್‍ಯಾಮ್, 6 ಜಿಬಿಯ ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ಸ್ ಕಾರ್ಡ್. ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನಲ್ಲಿ 4ಕೆ ಟೈಮ್‌ಲೈನ್ ಮೇಲೆ ನಾಯ್ಸ್ ರಿಡಕ್ಷನ್ (ಚಿತ್ರದ ಕಾಳುಕಾಳು ತೆಗೆಯುವುದು) ಹಾಕಿದರೆ ಜಿಪಿಯು (ಗ್ರಾಫಿಕ್ಸ್ ಚಿಪ್) ಮೆಮೊರಿ ತುಂಬಿದೆ ಅಂತ ರೆಂಡರ್ ನಿಂತುಬಿಡುತ್ತದೆ. ಗೇಮ್ ಶುರುವಿಗೆ ಚೆನ್ನಾಗಿರುತ್ತದೆ, ಸ್ವಲ್ಪ ಹೊತ್ತಿನ ಮೇಲೆ ತಡೆದು ತಡೆದು ಓಡುತ್ತದೆ, ಗೋಡೆ ರಸ್ತೆ ಎಲ್ಲ ಮಸುಕು. ಆರ್‌ಟಿಎಕ್ಸ್ 5060 ಟಿಐ ತಗೊಳ್ಳೋಣ ಅಂತಿದ್ದೇನೆ. ಶಿವಮೊಗ್ಗದ ಅಂಗಡಿಯಲ್ಲಿ, 1080ಪಿಗೆ 8 ಜಿಬಿ ಸಾಕು, 16 ಸುಮ್ನೆ ದಂಡ ಅಂದರು. ಹೌದಾ?

ಭದ್ರಾವತಿ_ಗೇಮರ್:
ನನ್ನದು 8 ಜಿಬಿ ಕಾರ್ಡ್. ವ್ಯಾಲೊರೆಂಟ್, ಕೌಂಟರ್ ಸ್ಟ್ರೈಕ್ ಬಿಟ್ಟು ಬೇರೆ ಆಡಲ್ಲ, ಒಮ್ಮೆಯೂ ತುಂಬಿಲ್ಲ. ಅಂಗಡಿಯವರು ಹೇಳಿದ್ದು ಸರಿ ಅನಿಸುತ್ತದೆ.

ಸಾಗರ_ಪಿಸಿ:
ಆ ಎರಡು ಗೇಮ್‌ಗೆ ಸರಿ, ಒಪ್ಪುತ್ತೇನೆ. ಇವರ ಕೆಲಸವೇ ಬೇರೆ ಅಲ್ವಾ.

8 ಮತ್ತು 16 ಜಿಬಿ 5060 ಟಿಐ ಎರಡರಲ್ಲೂ ಇರುವುದು ಒಂದೇ ಚಿಪ್. 4608 ಕೋರ್, ಮೆಮೊರಿಗೆ ಹೋಗುವ 128 ಬಿಟ್ ದಾರಿ (ಬಸ್), ಸೆಕೆಂಡಿಗೆ 448 ಜಿಬಿ ಮೆಮೊರಿ ವೇಗ, ಎಲ್ಲ ಅಷ್ಟೇ. ಮೆಮೊರಿ ಜಾಸ್ತಿ ಇದೆ ಅಂತ ಕಾರ್ಡ್ ಜೋರಾಗಿ ಓಡುವುದಿಲ್ಲ. ಅಂಗಳ ದೊಡ್ಡದಾದರೆ ಅಡಿಕೆ ಬೇಗ ಒಣಗುವುದಿಲ್ಲವಲ್ಲ, ಹಾಗೆ. ಆದರೆ ಬಂದ ಕೊಯ್ಲು ಅಂಗಳದಲ್ಲಿ ಹಿಡಿಸದೇ ಹೋದರೆ ಆಗ ಬೇರೆ ದಾರಿಯಿಲ್ಲ.

ನಿಮಗೆ ಹಿಡಿಸುತ್ತಿದೆಯಾ ಇಲ್ಲವಾ ಅಂತ ಮೊದಲು ನೋಡಿ. ಗೇಮ್ ತಡೆಯುವಾಗ ಟಾಸ್ಕ್ ಮ್ಯಾನೇಜರ್ ತೆಗೆದು, ಪರ್ಫಾರ್ಮೆನ್ಸ್‌ನಲ್ಲಿ ಜಿಪಿಯು ಒತ್ತಿ. ಕೆಳಗೆ ಡೆಡಿಕೇಟೆಡ್ (ಕಾರ್ಡ್‌ನದೇ ಮೆಮೊರಿ) ಅಂತ ಒಂದು ಲೆಕ್ಕ, ಶೇರ್ಡ್ (ಕಂಪ್ಯೂಟರ್ ರ‍್ಯಾಮ್‌ನಿಂದ ಎರವಲು) ಅಂತ ಇನ್ನೊಂದು ಇರುತ್ತದೆ. ಡೆಡಿಕೇಟೆಡ್ ತುದಿ ಮುಟ್ಟಿ, ಶೇರ್ಡ್ ಏರುತ್ತಾ ಹೋದರೆ ಕಾರ್ಡ್ ತುಂಬಿ ಚೆಲ್ಲುತ್ತಿದೆ ಅಂತ. ಆಮೇಲೆ ಗೇಮ್ ಸೆಟ್ಟಿಂಗ್‌ನಲ್ಲಿ ಟೆಕ್ಸ್ಚರ್ (ಗೋಡೆ, ರಸ್ತೆ ಮೇಲೆ ಹೊದಿಸುವ ಚಿತ್ರ) ಒಂದನ್ನೇ ಒಂದು ಹಂತ ಇಳಿಸಿ ಗೇಮ್ ಮತ್ತೆ ಶುರು ಮಾಡಿ. ಬೇರೇನೂ ಮುಟ್ಟಬೇಡಿ. ಟೆಕ್ಸ್ಚರ್ ತಿನ್ನುವುದು ಹೆಚ್ಚಾಗಿ ಮೆಮೊರಿಯನ್ನೇ, ಚಿಪ್‌ಗೆ ಅದರ ಭಾರ ಕಮ್ಮಿ. ಅದೊಂದರಿಂದ ತಡೆ ನಿಂತರೆ ಕಾರಣ ಖಾತ್ರಿ ಆಯಿತು.

ಇನ್ನು 1080ಪಿ ಮಾತು. ಮಾನಿಟರ್‌ಗೆ ಹೋಗುವ ಒಂದು ಫ್ರೇಮ್ 8 ಎಂಬಿ ಆಸುಪಾಸು, ಅದು ಏನೂ ಅಲ್ಲ. ಜಾಗ ಹೋಗುವುದು ಟೆಕ್ಸ್ಚರ್‌ಗೆ, ರೇ ಟ್ರೇಸಿಂಗ್‌ಗೆ (ಬೆಳಕು ನೆರಳಿನ ಲೆಕ್ಕ), ಫ್ರೇಮ್ ಜನರೇಷನ್‌ಗೆ (ನಡುವೆ ಹೊಸ ಫ್ರೇಮ್ ಹುಟ್ಟಿಸುವುದು). ಒಂದು 4096 ಅಳತೆಯ ಟೆಕ್ಸ್ಚರ್ ಕುಗ್ಗಿಸಿದ ಮೇಲೂ ಸುಮಾರು 16 ಎಂಬಿ, ಅಂಥವು ಗೇಮ್‌ನಲ್ಲಿ ರಾಶಿ ಇರುತ್ತವೆ. ಹಾಗಾಗಿ ಮಾನಿಟರ್ ನೋಡಿ ಮೆಮೊರಿ ಹೇಳುವ ಲೆಕ್ಕ ಈಗ ನಡೆಯುವುದಿಲ್ಲ.

ತೀರ್ಥಹಳ್ಳಿ_ಎಡಿಟರ್:
ನೋಡಿದೆ. ಡೆಡಿಕೇಟೆಡ್ 5.8, ಶೇರ್ಡ್ 3 ದಾಟಿತು. ಟೆಕ್ಸ್ಚರ್ ಇಳಿಸಿದ ಕೂಡಲೇ ತಡೆ ಹೋಯಿತು. ಹಾಗಾದರೆ 6ರಿಂದ 8ಕ್ಕೆ ಹೋದರೂ ಸಾಲುವುದಿಲ್ಲ ಅಂತಾಯಿತಾ? ಬೋರ್ಡ್ ಹಳೇದು ಅಂತ 16 ಹಾಕಲು ಹಿಂದೇಟು.

ಸಾಗರ_ಪಿಸಿ:
ಸಾಲುವುದಿಲ್ಲ. 5.8ಕ್ಕೆ 3 ಸೇರಿಸಿ, 8 ದಾಟಿತಲ್ಲ. ಬೋರ್ಡ್ ಹಳೇದಾದ್ದರಿಂದಲೇ 16 ತಗೊಳ್ಳಿ ಅನ್ನುತ್ತೇನೆ. ಕಾರ್ಡ್‌ಗೂ ಬೋರ್ಡ್‌ಗೂ ನಡುವಿನ ದಾರಿ ಪಿಸಿಐಇ, ಈ ಕಾರ್ಡ್‌ಗೆ ಅದರಲ್ಲಿ ಇರುವುದು 8 ಲೇನ್ (ಸಾಲು) ಮಾತ್ರ. ಬಿ450 ಕೊಡುವುದು ಅದರ ಹಳೇ ಪೀಳಿಗೆ 3.0, ಅಂದರೆ ಸೆಕೆಂಡಿಗೆ ಹೆಚ್ಚುಕಮ್ಮಿ 8 ಜಿಬಿ. ಕಾರ್ಡ್ ಒಳಗೆ 448, ತುಂಬಿ ರ್‍ಯಾಮ್‌ಗೆ ಚೆಲ್ಲಿದ ಮೇಲೆ ಬರೀ 8! ಹೊಸ 5.0 ಬೋರ್ಡ್‌ನಲ್ಲಿ ಆ ದಾರಿ ನಾಲ್ಕು ಪಟ್ಟು ಅಗಲ, ಅಲ್ಲಿ 8 ಜಿಬಿ ಕಾರ್ಡ್ ಸ್ವಲ್ಪ ತಡೆದುಕೊಳ್ಳುತ್ತದೆ. ನಿಮ್ಮಲ್ಲಿ ಆಗಲ್ಲ. 2025ರ ಏಪ್ರಿಲ್‌ನಲ್ಲಿ ಬಂದಾಗ ಅಮೆರಿಕದ ಬೆಲೆಯಲ್ಲಿ ಎರಡಕ್ಕೂ ಅಂತರ 50 ಡಾಲರ್ ಇತ್ತು, ನಮ್ಮ ಕಡೆ ಬೆಲೆ ಕೇಳಿಯೇ ತೀರ್ಮಾನಿಸಿ. ಆದರೆ ರೆಂಡರ್ ನಿಂತು ಗಿರಾಕಿಗೆ ವಿಡಿಯೋ ತಡವಾಗುವವರಿಗೆ ಇದು ದಂಡ ಅಲ್ಲ.

ಕಾರ್ಡ್ ಬರುವ ತನಕ ರಿಸಾಲ್ವ್ ಟೈಮ್‌ಲೈನ್ 1080ಪಿಗೆ ಇಟ್ಟು ಎಡಿಟ್ ಮಾಡಿ, ಕ್ರೋಮ್ ಮುಚ್ಚಿ, ನಾಯ್ಸ್ ರಿಡಕ್ಷನ್ ಬೇಕಾದ ಕ್ಲಿಪ್‌ಗಳನ್ನು ಮಾತ್ರ ಮೊದಲೇ ಬೇರೆ ರೆಂಡರ್ ಮಾಡಿಟ್ಟುಕೊಳ್ಳಿ.

ಪವರ್ ಸಪ್ಲೈ ಎಷ್ಟರದ್ದು ನೋಡಿ. ಕಾರ್ಡ್ 180 ವ್ಯಾಟ್, ಎನ್ವಿಡಿಯಾ 600 ವ್ಯಾಟ್ ಸಪ್ಲೈ ಕೇಳುತ್ತದೆ. ಯುಪಿಎಸ್ 600 ವಿಎ ಆಗಿದ್ದರೆ ಅದು ಸಾಮಾನ್ಯವಾಗಿ 360 ವ್ಯಾಟ್ ಅಷ್ಟೇ, ರೆಂಡರ್ ಮಧ್ಯೆ ಕರೆಂಟ್ ಹೋದರೆ ಕೈ ಕೊಡಬಹುದು. 1 ಕೆವಿಎ ಹಾಕಿಸಿ. ಮತ್ತೊಂದು, ಕಾರ್ಡ್ ಹಾಕುವ ಮೊದಲೇ ಬೋರ್ಡ್‌ನ ಬಯಾಸ್ (ಬೋರ್ಡ್‌ನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ, ಅದರ ಸೆಟ್ಟಿಂಗ್‌ನಲ್ಲಿ ಬೂಟ್ ಹೊಸ ವಿಧಾನವಾದ ಯುಇಎಫ್ಐನಲ್ಲಿ ಇರಲಿ. ಹಳೇ ಬೋರ್ಡ್‌ಗಳಲ್ಲಿ ಕಪ್ಪು ಸ್ಕ್ರೀನ್ ಬರುವುದುಂಟು. ಆದರೆ ನಮ್ಮ ಆಷಾಢದ ಗಾಳಿ ಮಳೆಗೆ ಲೈನ್ ಮೇಲೆ ಮರ ಬೀಳುವ ಹೊತ್ತಲ್ಲಿ ಆ ಕೆಲಸ ಬೇಡ. ಅಪ್‌ಡೇಟ್ ಅರ್ಧಕ್ಕೆ ನಿಂತರೆ ಬೋರ್ಡೇ ಹೋಗಬಹುದು. ಯುಪಿಎಸ್ ಬಂದ ಮೇಲೆ ಮಾಡಿ.

ತೀರ್ಥಹಳ್ಳಿ_ಎಡಿಟರ್:
ಸರಿ, 16 ಜಿಬಿಯೇ ಹೇಳುತ್ತೇನೆ, ಮೊದಲು ಯುಪಿಎಸ್. ಪವರ್ ಸಪ್ಲೈ 550 ವ್ಯಾಟ್, ಬ್ರಾಂಜ್ ದರ್ಜೆಯದ್ದು ಇದೆ, ಫೋಟೋ ನಾಳೆ ಹಾಕುತ್ತೇನೆ, ನೋಡಿ ಹೇಳಿ.