ನಾಯಿಗಳಿಗೆ ಫಿಸಿಯೋಥೆರಪಿ ಮಾಡೋದನ್ನೇ ಡಿಗ್ರಿಯಾಗಿ ಓದ್ಬಹುದಾ? ಶಿರಸಿ ಕಡೆಯವ್ರು ಯಾರಾದ್ರೂ ಹೇಳಿ

ತೋಟದಮನೆ ಹುಡ್ಗಿ:
ಎಲ್ರಿಗೂ ನಮಸ್ಕಾರ. ನಾನು ಶಿರಸಿ ಹತ್ರದವಳು, ಸೆಕೆಂಡ್ ಪಿಯು ಪಿಸಿಎಂಬಿ. ನಮ್ಮನೆ ನಾಯಿ ಕಾಳುಗೆ ತೋಟದಲ್ಲಿ ಕಾಡುಹಂದಿ ತಿವಿದು ಸೊಂಟಕ್ಕೆ ಪೆಟ್ಟಾಯ್ತು, ಡಾಕ್ಟ್ರು ಹೊಲಿಗೆ ಹಾಕಿ ಗಾಯ ಏನೋ ಒಣಗ್ತು, ಆದ್ರೆ ಹಿಂದಿನ ಎರಡೂ ಕಾಲು ಎಳ್ಕೊಂಡೇ ಓಡಾಡತ್ತೆ. ಎಕ್ಸರ್‌ಸೈಜ್ ಮಾಡಿಸ್ತಾ ಇರಿ ಅಂದ್ರು, ಹೇಗೆ ಮಾಡಿಸ್ಬೇಕು ಅಂತ ತೋರ್ಸೋರು ಯಾರೂ ಇಲ್ಲ. ಅಪ್ಪನ ಹಳೇ ಪಂಚೆ ಹೊಟ್ಟೆ ಕೆಳಗೆ ಜೋಲಿ ತರ ಹಾಕಿ ಹಿಂಭಾಗ ಎತ್ತಿ ಹಿಡ್ಕೊಂಡು ಅಂಗಳದಲ್ಲಿ ನಡೆಸ್ತಿದೀವಿ, ಪಾದ ಮಡಚಿ ಉಗುರು ಸವೆದು ಹೋಗ್ತಿದೆ. ಯೂಟ್ಯೂಬಲ್ಲಿ ಹುಡುಕ್ತಾ ಹೋದಾಗ ಇಂಗ್ಲೆಂಡ್ ಕಡೆ ಇದಕ್ಕೇ ಅಂತ ಯೂನಿವರ್ಸಿಟಿ ಡಿಗ್ರಿ ಇರೋದು ಗೊತ್ತಾಯ್ತು, ಕೆನೈನ್ ಥೆರಪಿ ಅಂತ. ಆಸ್ಪತ್ರೆಗೆ ನಾಯಿ ಕರ್ಕೊಂಡು ಹೋಗಿ ಪೇಷಂಟ್‌ಗಳನ್ನ ಖುಷಿ ಪಡ್ಸೋದಲ್ಲ, ನಾಯಿಗೇ ಮಸಾಜು, ನೀರಲ್ಲಿ ನಡೆಸೋದು, ಅದೆಲ್ಲ. ನಮ್ ಕಡೆ ಇದನ್ನ ಓದೋ ದಾರಿ ಇದ್ಯಾ? ಅಪ್ಪ ಅಂತೂ ನಾಯಿ ಕಾಲು ಒತ್ತೋಕೂ ಡಿಗ್ರಿ ಬೇಕಾ ಅಂತಾರೆ.

ಕುಮಟಾ ಮಾಮ:
ಅಪ್ಪ ಹೇಳಿದ್ದೇ ಸರಿ ತಂಗಿ 😀 ಡಿಗ್ರಿ ಎಂತಕ್ಕೆ ಮಾರಾಯ್ತಿ, ಘಟ್ಟ ಇಳಿದು ಬಾ, ವನ್ನಳ್ಳಿ ಬೀಚಲ್ಲಿ ದಿನಾ ಈಜಿಸಿದ್ರೆ ಕಾಲು ತಾನಾಗೇ ಬರ್ತದೆ. ಉಪ್ಪುನೀರು ಎಲ್ಲಕ್ಕೂ ಔಷಧ.

ಅಂಕೋಲಾ ವೆಟ್:
ಮಾಮ, ದಯವಿಟ್ಟು ಅದೊಂದು ಬೇಡ. ಹಿಂದಿನ ಕಾಲಲ್ಲಿ ಬಲ ಇಲ್ಲದ ನಾಯಿನ ಅಲೆಗೆ ಬಿಟ್ರೆ ಮುಂಗಾಲಲ್ಲಿ ಒದ್ದಾಡಿ ಸುಸ್ತಾಗತ್ತೆ, ಮುಳುಗಲೂಬಹುದು. ಥೆರಪಿಲಿ ನೀರು ಬಳ್ಸೋದು ಬೇರೆ ಲೆಕ್ಕ. ಗಾಜಿನ ತೊಟ್ಟಿಯೊಳಗೆ ಟ್ರೆಡ್‌ಮಿಲ್, ಬೆಚ್ಚಗಿನ ನೀರು, ನೀರಿನ ಮಟ್ಟ ಎಷ್ಟಿರ್ಬೇಕು ಅನ್ನೋದೇ ಅಲ್ಲಿ ಡೋಸ್. ಸೊಂಟದ ಕೀಲಿನ ಮಟ್ಟಕ್ಕೆ ನೀರಿದ್ರೆ ಕಾಲಿನ ಮೇಲೆ ಬೀಳೋದು ಮೈತೂಕದ 38 ಪರ್ಸೆಂಟ್ ಆಸುಪಾಸು, ಮೊಣಕಾಲಿನ ಮಟ್ಟಕ್ಕೆ ಇಳಿಸಿದ್ರೆ 85ರ ಹತ್ರ ಹೋಗತ್ತೆ. ಅಂದ್ರೆ 20 ಕೆಜಿ ನಾಯಿ ಒಂದು ಮಟ್ಟದಲ್ಲಿ ಎಂಟು ಕೆಜಿಯೂ ಹೊರಲ್ಲ, ಇನ್ನೊಂದ್ರಲ್ಲಿ 17 ಕೆಜಿ ಹೊರತ್ತೆ. ಇಂಥದ್ದನ್ನ ಕಲಿಯೋಕೇ ಡಿಗ್ರಿ, ಕಾಲು ಒತ್ತೋದು ಅದ್ರಲ್ಲಿ ಒಂದು ಚೂರು ಅಷ್ಟೇ.

ಈಗ ತಂಗಿ ಪ್ರಶ್ನೆಗೆ. ನಾನು ಶಿವಮೊಗ್ಗದಲ್ಲಿ ಬಿವಿಎಸ್ಸಿ, ಅಂದ್ರೆ ಪಶುವೈದ್ಯ ಡಿಗ್ರಿ, ಕ್ಲಾಸು ಮುಗ್ಸಿ ಇಂಟರ್ನ್‌ಶಿಪ್‌ನಲ್ಲಿದೀನಿ. ಪಿಯುಸಿ ಮುಗ್ಸಿ ನೇರ ನಾಯಿ ಥೆರಪಿಗೆ ಸೇರೋದಲ್ಲ ನಮ್ ಕಡೆಯ ದಾರಿ, ಮೊದ್ಲು ಬಿವಿಎಸ್ಸಿ ಆಂಡ್ ಎಎಚ್, ನಾಲ್ಕೂವರೆ ವರ್ಷ ಕ್ಲಾಸು, ಒಂದು ವರ್ಷ ಇಂಟರ್ನ್‌ಶಿಪ್. ಶಿವಮೊಗ್ಗ, ಹಾಸನ, ಗದಗ, ಬೀದರ್, ಹೆಬ್ಬಾಳ ಎಲ್ಲ ಕಾಲೇಜೂ ಬೀದರ್‌ನ ಪಶುವೈದ್ಯಕೀಯ ವಿವಿ ಕೆಳಗೇ ಬರತ್ತೆ. ಸೀಟು ಕೆಇಎ (ರಾಜ್ಯದ ಪರೀಕ್ಷಾ ಪ್ರಾಧಿಕಾರ) ಕೌನ್ಸೆಲಿಂಗ್‌ನಲ್ಲಿ, ಆಲ್ ಇಂಡಿಯಾ ಕೋಟಾದ 15 ಪರ್ಸೆಂಟ್‌ಗೆ ನೀಟ್ ಮಾರ್ಕ್ಸು. ಅಲ್ಲಿ ನೀನು ನಾಯಿಗಿಂತ ಹಸು ಎಮ್ಮೆ ಕುರಿ ಕೋಳಿನೇ ಜಾಸ್ತಿ ಓದ್ತೀಯಾ, ಅದಕ್ಕೆ ರೆಡಿ ಇರು. ಆಮೇಲೆ ಎಂವಿಎಸ್ಸಿ (ಮಾಸ್ಟರ್ಸ್) ಸರ್ಜರಿ, ಅದರ ಮೇಲೆ ರಿಹ್ಯಾಬ್, ಅಂದ್ರೆ ಇದೇ ನಾಯಿ ಥೆರಪಿ ಸರ್ಟಿಫಿಕೇಟ್. ಅಮೆರಿಕದ ಟೆನೆಸಿ ಯೂನಿವರ್ಸಿಟಿದು ಹೆಸರಾಂತದ್ದು.

ಕಾಳು ಬಗ್ಗೆ ಒಂದು ಮಾತು. ಕಾಲ್ಬೆರಳಿನ ಮೂಳೆ ಗಟ್ಟಿಯಾಗಿ ಚಿವುಟಿದ್ರೆ ಕಾಲು ಹಿಂದಕ್ಕೆ ಎಳ್ಕೊಳ್ಳತ್ತಾ, ಅಥವಾ ತಿರುಗಿ ನೋಡಿ ಗುರ್ ಅನ್ನತ್ತಾ? ಬರೀ ಎಳ್ಕೊಳ್ಳೋದು ರಿಫ್ಲೆಕ್ಸ್, ಮಿದುಳಿಗೆ ಸುದ್ದಿ ಮುಟ್ಟಿದೆ ಅಂತ ಅಲ್ಲ. ತಿರುಗಿ ನೋಡಿದ್ರೆ ಮಾತ್ರ ನೋವು ಗೊತ್ತಾಗ್ತಿದೆ ಅಂತ. ಇದನ್ನ ನೀನೇ ಚಿವುಟಿ ನೋಡೋಕೆ ಹೋಗ್ಬೇಡ, ಕಚ್ಚತ್ತೆ, ಡಾಕ್ಟ್ರ ಹತ್ರನೇ ಮಾಡ್ಸು. ಮೂತ್ರ ಪೂರ್ತಿ ಹೋಗ್ತಿದ್ಯಾ ಅಂತಲೂ ಕೇಳು, ಈ ತರ ಪೆಟ್ಟಲ್ಲಿ ಮೂತ್ರಕೋಶ ತುಂಬ್ಕೊಂಡು ಸುಮ್ನೆ ಸೋರ್ತಾ ಇರತ್ತೆ, ನೋಡಿದವ್ರು ಉಚ್ಚೆ ಹೋಗ್ತಾ ಇದ್ಯಲ್ಲ ಅಂದ್ಕೋತಾರೆ. ಪಂಚೆ ಐಡಿಯಾ ಸೂಪರ್, ಆದ್ರೆ ಗಂಡುನಾಯಿ ಆದ್ರೆ ಉಚ್ಚೆ ಜಾಗ ಬಿಟ್ಟು ಕಟ್ಟು. ನುಣುಪು ನೆಲದ ಮೇಲೆ ನಡೆಸ್ಬೇಡ, ಗೋಣಿಚೀಲ ಹಾಸು, ಪಾದಕ್ಕೆ ಹಳೇ ಕಾಲುಚೀಲ.

ಕಾರವಾರ ಫಿಸಿಯೋ:
ನಾನು ಮನುಷ್ಯರ ಫಿಸಿಯೋ, ಆದ್ರೂ ಒಂದು ವಿಷಯ ಸೇರಿಸ್ತೀನಿ. ಬಿಪಿಟಿ (ಮನುಷ್ಯರ ಫಿಸಿಯೋ ಡಿಗ್ರಿ) ಮಾಡಿ ಆಮೇಲೆ ಪ್ರಾಣಿ ಕಡೆ ತಿರುಗೋ ದಾರಿ ಇಂಗ್ಲೆಂಡಲ್ಲಿ ಇದೆ, ಪ್ರಾಣಿಗಳಿಗೆ ಟ್ರೀಟ್ ಮಾಡೋ ಫಿಸಿಯೋಗಳದ್ದೇ ಸಂಘ ಇದೆ ಅಲ್ಲಿ. ಆದ್ರೆ ಅಲ್ಲೂ 1966ರ ವೆಟರ್ನರಿ ಸರ್ಜನ್ಸ್ ಆಕ್ಟ್ ಪ್ರಕಾರ ಡಯಾಗ್ನೋಸ್ ಮಾಡೋದು ವೆಟ್ಟೇ, ಥೆರಪಿಸ್ಟ್ ಅವ್ರು ಹೇಳಿದ ಮೇಲೆ ಕೈ ಹಾಕ್ತಾರೆ. ಲಕ್ಷಗಟ್ಲೆ ಸಾಲ ಮಾಡಿ ಹೋಗೋ ಮುಂಚೆ ವಾಪಸ್ ಬಂದು ಶಿರಸಿಲಿ ಬೋರ್ಡ್ ಹಾಕ್ಬಹುದಾ ಅಂತ ಯೋಚ್ನೆ ಮಾಡು. ಬರೀ ಥೆರಪಿ ಡಿಗ್ರಿ ಇದ್ರೆ ನಮ್ಮಲ್ಲಿ ಯಾವ್ದಾದ್ರೂ ವೆಟ್ ಕೈಕೆಳಗೇ ಕೆಲ್ಸ.

ಅಂಕೋಲಾ ವೆಟ್:
ಹೌದು ಸರ್, 1984ರ ವೆಟರ್ನರಿ ಕೌನ್ಸಿಲ್ ಆಕ್ಟಲ್ಲಿ ಪ್ರಾಕ್ಟೀಸ್ ಹಕ್ಕು ರಿಜಿಸ್ಟರ್ಡ್ ವೆಟ್‌ಗೆ ಮಾತ್ರ. ಅದಕ್ಕೇ ಬಿವಿಎಸ್ಸಿ ಅಂದಿದ್ದು.

ಕುಮಟಾ ಮಾಮ:
ಆಯ್ತಪ್ಪ, ಸಮುದ್ರ ಕ್ಯಾನ್ಸಲ್. ಶಿರಸಿಲಿ ನಾಯಿ ಫಿಸಿಯೋಗೆ ದುಡ್ಡು ಕೊಡೋರು ಯಾರು ಅಂತ ಮಾತ್ರ ಹೇಳಿ.

ಅಂಕೋಲಾ ವೆಟ್:
ಬರೀ ನಾಯಿ ಫಿಸಿಯೋ ನಂಬ್ಕೊಂಡ್ರೆ ಶಿರಸಿಲಿ ಹೊಟ್ಟೆ ತುಂಬಲ್ಲ ಮಾಮ, ಸುಳ್ಳು ಯಾಕೆ ಹೇಳ್ಲಿ. ಬೆಂಗ್ಳೂರಲ್ಲಾದ್ರೆ ಸೊಂಟದ ಕೀಲು ಸಡಿಲ ಇರೋ ಲ್ಯಾಬ್ರಡಾರು, ಡಿಸ್ಕ್ ಜಾರಿರೋ ಡ್ಯಾಶ್‌ಹೌಂಡು ಬರ್ತಾವೆ. ಇಲ್ಲಿ ಆಕಳ ಕೇಸ್ ನೋಡ್ಕೊಂಡು ಜೊತೆಗೆ ಇದು.

ತೋಟದಮನೆ ಹುಡ್ಗಿ:
ತುಂಬಾ ಥ್ಯಾಂಕ್ಸ್ ಅಣ್ಣ, ಸೋಮವಾರ ಕಾಳುನ ಮತ್ತೆ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತೀವಿ, ಮೂತ್ರದ ವಿಷಯ ನಮಗೆ ಹೊಳೆದೇ ಇರ್ಲಿಲ್ಲ. ಆಕಳು ಎಮ್ಮೆ ಓದೋಕೆ ಬೇಜಾರಿಲ್ಲ, ಕೊಟ್ಟಿಗೆಲೇ ಬೆಳೆದಿದ್ದು. ಅಡಿಕೆ ತೋಟ ಇರೋರಿಗೆ ಬಿವಿಎಸ್ಸಿಲಿ ಬೇರೆ ಕೋಟಾ ಇದೆ ಅಂತಾರಲ್ಲ, ನಿಜನಾ? ಪಹಣಿ ಇನ್ನೂ ಅಜ್ಜನ ಹೆಸರಲ್ಲೇ ಇದೆ.

ಅಂಕೋಲಾ ವೆಟ್:
ನಿಜ, ಕೃಷಿಕರ ಕೋಟಾ. ಅದಕ್ಕೆ ಬೇರೆ ಪ್ರಾಕ್ಟಿಕಲ್ ಟೆಸ್ಟ್ ಇರತ್ತೆ, ಬೀಜ ಗೊಬ್ಬರ ಉಪಕರಣ ಎಲ್ಲ ಗುರುತು ಹಿಡೀಬೇಕು, ನಿಂಗೆ ಕಷ್ಟ ಆಗ್ಲಿಕ್ಕಿಲ್ಲ. ಅಜ್ಜನ ಪಹಣಿ ಇಟ್ಕೊಂಡು ಅಪ್ಪನ್ನ ನಾಡಕಚೇರಿಗೆ ಕಳ್ಸು, ಕೃಷಿಕ ಕುಟುಂಬದ ಸದಸ್ಯರ ಸರ್ಟಿಫಿಕೇಟ್ ಅಂತ ಇದೆ, ನಿನ್ನ ಹೆಸರಿಗೆ ಆಗತ್ತಾ ಅಂತ ಕೇಳ್ಲಿ. ಕೊನೇ ವಾರಕ್ಕೆ ಇಟ್ಕೋಬೇಡ, ಅರ್ಜಿ ಟೈಮಲ್ಲಿ ಸರ್ವರ್ ಬ್ಯುಸಿ ಅಂತ ಕೂರಿಸ್ತಾರೆ.